ಟೈಪಿಸ್ಟರು ಹೊಡೆಯದ ಸಾಲು

ಬೀರು ಒರೆಸುವಾಗ ಹಳೆಯ ಫೈಲೊಂದರಿಂದ ಕಾರ್ಬನ್ ಕಾಗದದ ವಾಸನೆ ಬಂತು. ಒಳಗೆ ತಮ್ಮನ ಅರ್ಜಿಯ ನಕಲು. ತುಮಕೂರು ಕೋರ್ಟಿನ ಹೊರಗೆ, ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಕೂರುತ್ತಿದ್ದ ಟೈಪಿಸ್ಟರು ನೆನಪಾದರು…

ಹತ್ತು ವರ್ಷದ ಹಿಂದಿನ ಮಾತು. ಶಿರಾ ಗೇಟ್ ಹತ್ತಿರ ತಮ್ಮ ಪೊಲೀಸರ ಕೈಗೆ ಸಿಕ್ಕಿದ್ದ, ಜೇಬಿನಲ್ಲಿ ಸಣ್ಣ ಪೊಟ್ಟಣ ಗಾಂಜಾ. ಚಟ ಒಪ್ಪಿಕೊಂಡು ಚಿಕಿತ್ಸೆ ಕೇಳಿದರೆ ಜೈಲು ತಪ್ಪಬಹುದು ಎಂದು ವಕೀಲರು ಅರ್ಜಿ ಬರೆದುಕೊಟ್ಟರು. ಟೈಪ್ ಮಾಡಿಸಿ ತರುವುದಷ್ಟೇ ನನ್ನ ಕೆಲಸ. ಆದರೆ ನಾನು ಮೋಡ ಕಾಣುವ ಮೊದಲೇ ಕೊಡೆ ಬಿಚ್ಚುವ ಪೈಕಿ. ನಾಳೆ ಇವನಿಗೆ ಹೆಣ್ಣು ಕೊಡುವವರು ಈ ಕಾಗದ ನೋಡಿಬಿಟ್ಟರೆ? ಬಟವಾಡಿಯಿಂದ ಬರುವ ಸಿಟಿ ಬಸ್ಸಿನಲ್ಲೇ ‘ಚಟವಿದೆ’ ಎಂಬಲ್ಲಿ ಗೀಟು ಹಾಕಿ, ‘ಯಾವುದೇ ದುಶ್ಚಟಗಳಿಲ್ಲದ ಸಂಭಾವಿತ’ ಎಂದು ತಿದ್ದಿದೆ. ಸಾಲದೆಂದು ಅವನ ಹೈಸ್ಕೂಲಿನ ನಡತೆ ಪತ್ರವನ್ನೂ ಲಗತ್ತಿಸಿದೆ.

ಟೈಪಿಸ್ಟರ ಬೆರಳು ಅಲ್ಲಿಗೆ ಬಂದು ನಿಂತಿತು.

“ಇದು ವಕೀಲ್ರು ಬರೆದದ್ದಾ, ನೀವಾ?”

“ನಾನೇ ಸ್ವಲ್ಪ…”

“ಚಟಾನೇ ಇಲ್ಲ ಅಂದ್ಮೇಲೆ ಜಡ್ಜ್ ಸಾಹೇಬ್ರು ಆಸ್ಪತ್ರೆಗೆ ಯಾಕ್ ಕಳಿಸ್ತಾರೆ ಸ್ವಾಮಿ? ನೆಗಡಿಗಾ?”

ಜಾಮೀನಿನ ಮೇಲೆ ಹೊರಬಂದು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ತಮ್ಮ ಆ ದಿನ ಮೊದಲ ಸಲ ಬಾಯಿ ಬಿಟ್ಟ. “ಇದೆ ಅಂತಾನೇ ಹೊಡೀರಿ ಸಾರ್.”

ಟೈಪಿಸ್ಟರದೊಂದು ಪದ್ಧತಿಯಿತ್ತು. ಸಹಿ ಹಾಕುವವರು ಮೊದಲು ಹೊಡೆದ ಕಾಗದವನ್ನು ಗಟ್ಟಿಯಾಗಿ ಓದಬೇಕು. ಕಕ್ಷಿದಾರರು, ಪೊಲೀಸರು, ಕಡಲೆಕಾಯಿ ಮಾರುವಾಕೆ ಎಲ್ಲರ ನಡುವೆ ತಮ್ಮ ಓದಿದ: ನನಗೆ ಗಾಂಜಾ ಸೇದುವ ಚಟವಿದೆ, ಬಿಡಲು ಸಹಾಯ ಬೇಕು. ನಾನು ನೆಂಟರು ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡುತ್ತಿದ್ದೆ.

“ಕೇಳಿಸ್ಲಿಲ್ಲ ಕಣಪ್ಪ, ಇನ್ನೊಂದ್ಸಲ,” ಎಂದರು ಟೈಪಿಸ್ಟರು.

ಕೋರ್ಟು ಅವನನ್ನು ಕುಣಿಗಲ್ ಕಡೆಯ ವ್ಯಸನಮುಕ್ತಿ ಕೇಂದ್ರಕ್ಕೆ ಕಳಿಸಿತು. ಆಗಾಗ ಅಲ್ಲಿಯ ವರದಿ ತಂದು ಒಪ್ಪಿಸಬೇಕು. ನಡುವೆ ಒಮ್ಮೆ ಮತ್ತೆ ಸೇದಿದ. ವರದಿಯಲ್ಲಿ ಅದೂ ಬಂತು. ನಾನು ಎರಡು ದಿನ ಊಟ ಬಿಟ್ಟೆ. ನ್ಯಾಯಾಧೀಶರು ಮಾತ್ರ, ಚಿಕಿತ್ಸೆ ಮುಂದುವರಿಯಲಿ ಎಂದರು. ಪ್ರತಿ ವಾಯಿದೆಗೂ ಟೈಪಿಸ್ಟರು ಕನ್ನಡಕ ಮೇಲೆತ್ತಿ ಕೇಳುತ್ತಿದ್ದರು: “ಏನ್ಲಾ, ನೆಗಡಿ ಹೆಂಗೈತೆ?” ಕೇಸು ಮುಗಿದ ದಿನ ತಮ್ಮ, “ವಾಸಿಯಾಯ್ತು ಸಾರ್,” ಎಂದ. “ಮಳೇಲಿ ನೆನೀಬ್ಯಾಡ,” ಎಂದರು.

ಈಗ ಅವನಿಗೆ ಗುಬ್ಬಿಯಲ್ಲಿ ಬೈಕ್ ಸೀಟು ಹೊಲಿಯುವ ಅಂಗಡಿಯಿದೆ. ಮೊನ್ನೆ ಕೋರ್ಟಿನ ಕಡೆ ಹೋದರೆ ಹೊಂಗೆ ಮರದ ಕೆಳಗೆ ಬೈಕುಗಳು ನಿಂತಿದ್ದವು. ಟೈಪಿಸ್ಟರು ತೀರಿಕೊಂಡು ಎರಡು ವರ್ಷವಾಯಿತಂತೆ… ಕೇಸು ಮುಗಿದ ಮೇಲೆ ನಾವು ಅವರನ್ನು ಒಮ್ಮೆಯೂ ನೋಡಲು ಹೋಗಿರಲಿಲ್ಲ.

ಭಾನುವಾರ ತಮ್ಮನೂ ಅವನ ಹೆಂಡತಿಯೂ ಬಂದಾಗ, ಹರಿದುಹಾಕಲಿ ಎಂದು ನಕಲನ್ನು ಅವನ ಕೈಗಿಟ್ಟೆ. ಅವನು ಅದನ್ನು ಬಾಯಿಬಿಟ್ಟು ಓದತೊಡಗಿದ. ಪಕ್ಕದ ಮನೆಯವರಿಗೆ ಕೇಳಿಸೀತೆಂದು ನಾನು ಬಾಗಿಲು ಮುಚ್ಚಲು ಎದ್ದೆ. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದ ಅವನ ಹೆಂಡತಿ, “ಕೇಳಿಸ್ತಿಲ್ಲ ಕಣ್ರೀ, ಗಟ್ಟಿಯಾಗಿ ಓದಿ,” ಎಂದಳು.

ಬಾಗಿಲನ್ನು ಹಾಗೇ ಬಿಟ್ಟು ಬಂದು ಕೂತೆ.