ದೋನ್ ನಾವುಮ್ ಎಂಟನೇ ದೀಪ ಹಚ್ಚಹೋದದ್ದು

ಬ್ಯೂನಸ್ ಐರಿಸ್‌ನ ವಿಷಾ ಕ್ರೆಸ್ಪೊ ಬಡಾವಣೆಯಲ್ಲಿ ಗುಂಡಿ, ಜಿಪ್ಪುಗಳ ಅಂಗಡಿ ಇಟ್ಟಿದ್ದ ನಾವುಮ್ ಪೆಕರ್‌ಗೆ ದೇವರಿಗಿಂತ ಮೈಕಿನ ಮೇಲೆ ಭಕ್ತಿ ಜಾಸ್ತಿ. ಬಡಾವಣೆಯ ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗಿಗೆ ಅವನು ಅಧ್ಯಕ್ಷನಾದದ್ದು ಬೇರೆ ಯಾರೂ ಒಪ್ಪದ್ದರಿಂದ. ಆದಮೇಲೆ ಕುರ್ಚಿ ಬಿಡುವ ಮಾತೇ ಎತ್ತಲಿಲ್ಲ. ಮದುವೆಯಾಗಲಿ, ಸಾವಾಗಲಿ, "ಎರಡೇ ಮಾತು" ಎಂದು ಅವನು ಎದ್ದನೆಂದರೆ ನಿಂತಿದ್ದ ಮುದುಕರು ಕೂರಲು ಜಾಗ ಹುಡುಕುತ್ತಿದ್ದರು.

ಎಂಟು ದಿನ, ದಿನಕ್ಕೊಂದು ದೀಪ ಹೆಚ್ಚಿಸುತ್ತ ಹಚ್ಚುವ ಹನುಕ್ಕಾ ಹಬ್ಬ ಅವನಿಗೆ ಸುಗ್ಗಿ. ಅಲ್ಲಿ ಅದು ಬರುವುದು ಡಿಸೆಂಬರಿನ ಸುಡು ಬೇಸಿಗೆಯಲ್ಲಿ. ಮನೆಗಳಲ್ಲಿ ಮೆನೋರಾ ಎಂಬ ಕವಲು ದೀಪಸ್ತಂಭದ ಮೇಣದಬತ್ತಿಗಳು ಹಚ್ಚುವ ಮೊದಲೇ ಸೆಕೆಗೆ ಸೊಂಟ ಬಗ್ಗಿಸುತ್ತವೆ. ಫ್ಯಾನು ಹಾಕಿದರೆ ದೀಪ ಆರುತ್ತದೆ, ಹಾಕದಿದ್ದರೆ ನೆಂಟರು ಕರಗುತ್ತಾರೆ. ಇಂಥ ಊರಿನ ಚೌಕದಲ್ಲಿ ನಾವುಮ್ ಮರದೆತ್ತರದ ಕಬ್ಬಿಣದ ಮೆನೋರಾ ನಿಲ್ಲಿಸಿದ್ದ. ಪಕ್ಕದ ಬಡಾವಣೆಯವರದ್ದು ಗಿಡ್ಡ ಎಂಬುದೇ ಅದರ ಮಹಿಮೆ. ಹಚ್ಚಲು ಬಾಡಿಗೆಗೆ ಲಿಫ್ಟಿನ ಗಾಡಿ ತರಿಸಬೇಕಿತ್ತು.

ದಿನಕ್ಕೊಬ್ಬರು ಹಚ್ಚಲಿ ಎಂದು ಸಿನಗಾಗಿಯ ಧರ್ಮಗುರು, ತರುಣ ರಬ್ಬಿ ಏಸೆಕಿಯೆಲ್ ಕೇಳಿಕೊಂಡ.

"ಹಚ್ಲಿ ಬಿಡಿ ರಬ್ಬಿಗಳೇ, ನಾನೇನು ಬೇಡ ಅಂದ್ನಾ? ಎಂಟನೇ ದಿನ ಎಲ್ಲಾ ದೀಪ ಉರೀತವೆ, ಫೋಟೋದವ್ರೂ ಬರ್ತಾರೆ. ಅವತ್ತೊಂದು ದಿನ ನಂಗಿರ್ಲಿ."

ಎಂಟನೇ ದಿನ ಮಧ್ಯಾಹ್ನದಿಂದಲೇ ಕೋಟು ತೊಟ್ಟು, ಲಿಫ್ಟಿನ ತೊಟ್ಟಿಲಲ್ಲಿ ನಿಂತು ಮೇಲೆ ಹೋದ, ಕೆಳಗೆ ಬಂದ, ಮತ್ತೆ ಹೋದ. ಎಡಗಡೆಯ ಮುಖ ಚೆನ್ನಾಗಿ ಬರಬೇಕಿತ್ತು.

"ದೋನ್ ನಾವುಮ್, ಬ್ಯಾಟ್ರಿ ಕೂತೋಗತ್ತೆ" ಎಂದ ಗಾಡಿ ನಡೆಸುವ ರಮೋನ್, ಯಜಮಾನರಿಗೆ ಹಾಕುವ 'ದೋನ್' ಬಿಡದೆ.

"ನೀನು ಗುಂಡಿ ಒತ್ತಯ್ಯ, ಸಾಕು."

ಸೂರ್ಯ ಮುಳುಗಿದ. ನಾವುಮ್ ಮೇಲೇರಿ ಪ್ರಾರ್ಥನೆ ಹಾಡಿದ. ಹಾಡಿದ ಮೇಲೆ ತುಟಿ ಪಿಟಕ್ಕೆನ್ನದೆ ದೀಪ ಹಚ್ಚಬೇಕೆಂಬುದು ಮಕ್ಕಳಿಗೂ ಗೊತ್ತು. ನಾವುಮ್ ಮೈಕು ತುಟಿಗೆ ಹಿಡಿದ.

"ಎರಡೇ ಮಾತು..."

"ಹಚ್ಚಿ ಮೊದ್ಲು! ಮಧ್ಯೆ ಮಾತಾಡಬಾರ್ದು!" ರಬ್ಬಿ ಕೆಳಗಿನಿಂದ ಕೂಗಿದ.

ಹಡಗಿನಲ್ಲಿ ಬಂದ ಅಜ್ಜ, ಅಜ್ಜನ ಹೊಲಿಗೆ ಯಂತ್ರ, ತಾನು ಸಿನಗಾಗಿಗೆ ಹಾಕಿಸಿದ ಹೆಂಚು, ಎಲ್ಲವೂ ಭಾಷಣದಲ್ಲಿ ಬಂದವು. "ರಮೋನ್, ಇನ್ನೂ ಮೇಲೆ ಮಾಡು, ಹಿಂದಿನವ್ರಿಗೆ ನಾನು ಕಾಣ್ತಿಲ್ಲ!" ತೊಟ್ಟಿಲು ದೀಪಗಳನ್ನು ದಾಟಿ ಮೇಲೇರಿತು, ಒಮ್ಮೆ ಕೆಮ್ಮಿತು, ನಿಂತುಬಿಟ್ಟಿತು. ದೀಪಗಳೆಲ್ಲ ಈಗ ಅವನ ಬೂಟಿನ ಕೆಳಗೆ, ಕೈಗೆ ನಿಲುಕದಷ್ಟು ದೂರದಲ್ಲಿದ್ದವು.

"ಇಳಿಸೋ!"

"ಬ್ಯಾಟ್ರಿ ಹೋಯ್ತು ದೋನ್ ನಾವುಮ್. ಕೈಯಲ್ಲಿ ಇಳಿಸೋ ಹಿಡಿ ಶೆಡ್ಡಲ್ಲಿದೆ."

ಮೈಕು ಮಾತ್ರ ಚೆನ್ನಾಗಿತ್ತು. "ಬೆರ್ತಾ! ತಲೆ ತಿರುಗ್ತಿದೆ ಕಣೇ! ನಂಗೆ ಒಂದಕ್ಕೆ ಬೇರೆ ಅರ್ಜೆಂಟು!" ಎಂಬುದನ್ನು ನಾಲ್ಕೂ ಬೀದಿಯವರು ಕೇಳಿದರು.

"ಹೊರಡೋವಾಗ್ಲೇ ಹೋಗ್ಬನ್ನಿ ಅಂತ ಬಡ್ಕೊಂಡೆ. ತಡ್ಕೊಳ್ಳಿ ಈಗ!" ಎಂದಳು ಹೆಂಡತಿ ಬೆರ್ತಾ. ಅಗ್ನಿಶಾಮಕದವರಿಗೆ ಫೋನು ಮಾಡಿಸಿ, ಎದುರಿನ ಮನೆಗೆ ಓಡಿ, ತಗಡಿನ ಪುಟ್ಟ ಮೆನೋರಾ ತಂದು ಕಲ್ಲುಬೆಂಚಿನ ಮೇಲಿಟ್ಟಳು. "ಗಾಳಿಗೆ ಕೈ ಅಡ್ಡ ಹಿಡೀರಿ" ಎಂದು ಜನರಿಗೆ ಹೇಳಿ, ಪ್ರಾರ್ಥನೆ ಮುಗಿಸಿದವಳೇ ಉಳಿದವನ್ನು ಹಚ್ಚಲೆಂದೇ ಇರುವ ಸೇವಕ ಬತ್ತಿಯಿಂದ ಎಡತುದಿಯ ಹೊಸ ಬತ್ತಿ ಮುಟ್ಟಿಸಿದಳು. ಸೊಟ್ಟ ಬತ್ತಿಗಳು ಒಂದೊಂದಾಗಿ ಹೊತ್ತಿಕೊಂಡವು. ಜನ ಹಾಡಿದರು, ಕುಣಿದರು, ಎಣ್ಣೆಯಲ್ಲಿ ಕರಿದು ಸಕ್ಕರೆ ಮೆತ್ತಿದ ಬುನ್ಯುಯೆಲೊ ಉಂಡೆ ತಿಂದು ಬೆರಳು ನೆಕ್ಕಿದರು.

ಮೇಲಿನಿಂದ ನಾವುಮ್‌ಗೆ ಕಂಡದ್ದು ಬರೀ ನೆತ್ತಿಗಳು. ಒಂದು ಮುಖವೂ ಅವನತ್ತ ತಿರುಗಲಿಲ್ಲ. ಮೂತ್ರದ ಉರಿಗಿಂತ ಆ ಉರಿ ಹೆಚ್ಚಾಯಿತು. ಅಗ್ನಿಶಾಮಕದವರು ಅವನನ್ನು ಮೂಟೆಯಂತೆ ಇಳಿಸುವ ಹೊತ್ತಿಗೆ ಬತ್ತಿಗಳು ಉರಿದು ಮುಗಿದು, ತಟ್ಟೆಯಲ್ಲಿ ಸಕ್ಕರೆಪುಡಿ ಉಳಿದಿತ್ತು. ಅವನು ಯಾರನ್ನೂ ನೋಡದೆ ಮನೆಯ ಬಚ್ಚಲಿಗೆ ಓಡಿದ.

ವಾರದೊಳಗೆ ಕಾಫಿ ಅಂಗಡಿಯಲ್ಲಿ ಕಥೆ ಬದಲಾಯಿತು. "ಗಾಳಿಗೆ ಮೆನೋರಾ ಬೀಳೋ ಹಾಗಿತ್ತು. ಜನರ ಮೇಲೆ ಬಿದ್ರೆ ಗತಿಯೇನು? ಅದಕ್ಕೇ ಕಾವಲು ನಿಂತೆ."

ಮರುವರ್ಷ ಸಭೆಯವರು ಕಲ್ಲುಬೆಂಚೇ ಸಾಕೆಂದರು. ಗಾಳಿಗೆ ಅಂಗೈ ಅಡ್ಡ ಹಿಡಿಯುವ ಕೆಲಸ ಅಧ್ಯಕ್ಷರಿಗೆ ಸಿಕ್ಕಿತು. ಅವನು ಗಂಟಲು ಸರಿಮಾಡಿಕೊಂಡದ್ದೇ ತಡ, ಬೆರ್ತಾ ತಲೆಯೆತ್ತದೆ ಹೇಳಿದಳು:

"ಬಾಯ್ಮುಚ್ಚಿ ನಿಂತ್ಕೊಳ್ರೀ. ನಿಮ್ಮ ಉಸಿರಿಗೇ ಆರ್ತಿದೆ."