ಅತ್ತೆಯ ಕಾಲಿಗೆ ಸಿಕ್ಕ ಜಾಗ

ಅಂದು ನಿಲಂಗಾದ ಮನೆಯಲ್ಲಿ ಕಸ ಹೊಡೆದು, ಎಮ್ಮೆ ಹಿಂಡಿ, ಹಾಲಿಗೆ ಹೆಪ್ಪು ಹಾಕಿ, ಅತ್ತೆಯನ್ನು ಕರೆದುಕೊಂಡು ಹೈದರಾಬಾದಿಗೆ ಹೊರಟೆ. ಅಲ್ಲಿಂದ ಕಾಶಿಗೆ ವಿಮಾನ. ಅವರ ಮೊಣಕಾಲು ಮಡಚುವುದಿಲ್ಲವೆಂದೇ ಬಿಸಿನೆಸ್ ಕ್ಲಾಸಿನ ದೊಡ್ಡ ಸೀಟು ತೆಗೆಸಿದ್ದೆವು. ಕೌಂಟರಿನವರು ಆ ಸೀಟು ಇಲ್ಲವೆಂದು ಹಿಂದಿನ ಸೀಟು ಕೊಟ್ಟರು. ಜಗಳಾಡಿದರೂ ಕೇಳಲಿಲ್ಲ.

"ನಾವು ಒಕ್ಕಲತನದವ್ರು. ಬಿಸಿನೆಸ್‌ನವ್ರ ಜಾಗ ನಮಗ್ಯಾಕ ಬಿಟ್ಟಾರು?" ಅತ್ತೆ ನಕ್ಕರು.

ಆದರೆ ಇಕ್ಕಟ್ಟಿನಲ್ಲಿ ಕೂತೊಡನೆ ನೋವಿಗೆ ಅವರ ಕಣ್ಣು ತುಂಬಿದವು. ಪಕ್ಕದ ಸೀಟಿನಲ್ಲಿ ಕೊರಳಿಗೆ ಲಿಂಗ ಕಟ್ಟಿಕೊಂಡಿದ್ದ ಅಪರಿಚಿತ ಗೃಹಸ್ಥರು ಆ ಕಾಲನ್ನು ತಮ್ಮ ತೊಡೆಯ ಮೇಲಿಡಲು ಹೇಳಿದರು.

"ಬ್ಯಾಡಪ್ಪಾ, ಲಿಂಗ ಕಟ್ಟಿದವ್ರಿಗಿ ಕಾಲ ತಾಗಸಬಾರ್ದು."

"ಲಿಂಗ ಕಟ್ಟೀನಂತೇ ಇಡ್ರಿ ಅನ್ಲತ್ತೀನ್ರೀ, ಅವ್ವಾ."

ಅತ್ತೆ ಕಾಲಿಟ್ಟರು. ವಿಮಾನ ಇಳಿಯುವ ತನಕ ಆ ಗೃಹಸ್ಥರು ಕದಲಲಿಲ್ಲ.

ಅವರ ಹೆಸರನ್ನೂ ನಾನು ಕೇಳಲಿಲ್ಲ. ಕಾಶಿಯಲ್ಲಿ ರಾತ್ರಿ ಪೂರಿ ಪಲ್ಯ ತಿಂದೆವು. ಅತ್ತೆ ಮೊದಲು ಮಲಗಿದರು. ನಾನು ಅವರ ಕಾಲನ್ನೇ ನೋಡುತ್ತ ಕೂತಿದ್ದೆ.