ಹೊರಗಿನವನಿಗೆ ಅವ್ವ ಕೊಟ್ಟ ಉತಾರ

ಬದುಕಿನಲ್ಲಿ ನಾನು ಗೆದ್ದದ್ದು ಒಂದೇ ಕೇಸು, ಅದೂ ನನ್ನದಲ್ಲ. ಕೋರ್ಟಿನಲ್ಲಿ ಅದಿನ್ನೂ ಮುಗಿದಿಲ್ಲ, ಆದರೂ ಗೆದ್ದೆ ಎಂದೇ ಹೇಳುತ್ತೇನೆ. ನನ್ನ ಕೇಸಿನ ಮಾತು ಬಿಡಿ. ಘೋಣಸಗಿಯ ಹೊಲದ ಬದುವಿನ ಮೇಲೆ ಜಗಳವಾಗಿ, ಮೂಗಿನ ತುದಿಯ ಸಿಟ್ಟಿಗೆ ಒಬ್ಬನ ಕೈ ಮುರಿದಿದ್ದೆ. ಮುರಿದದ್ದು ಖರೆ, ಜೈಲಿಗೆ ಹೋದದ್ದೂ ಖರೆ.

ಬ್ಯಾರಕ್ಕಿನೊಳಗೆ ಕಾಲಿಟ್ಟ ಕೂಡಲೇ ಹಳೆಯ ಕೈದಿಯೊಬ್ಬ ಕೇಳಿದ್ದು ಏನು ಮಾಡಿ ಬಂದೆ ಎಂದಲ್ಲ. "ಯಾರ ಪೈಕಿ?" ಎಂದ. ನಮ್ಮ ಕಡೆ ಈ ಪ್ರಶ್ನೆಗೆ ಊರು, ಮನೆತನ, ಜಾತಿ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಬೇಕು. ಹೇಳಿದೆ. ಕಿಟಕಿಯ ಕೆಳಗೆ ಗಾಳಿ ಬರುವ ಜಾಗ ಸಿಕ್ಕಿತು. ಅಲ್ಲಿಂದಾಚೆ ಬೇರೆ ಜಾತಿಯವರು, ಬೇರೆ ಧರ್ಮದವರು, ಮರಾಠಿ ಮಾತಾಡುವವರು, ಹೀಗೆ ಹಾಸಿಗೆಗಳ ಸಾಲು. ಇದನ್ನು ಸರಕಾರ ಹಚ್ಚಿಕೊಟ್ಟದ್ದಲ್ಲ, ನಾವೇ ಹಚ್ಚಿಕೊಂಡದ್ದು. ಕಂಬಿ ಎಣಿಸುವವರಿಗೂ ಕುಲದ ಬಿಂಕ ಬಿಡುವುದಿಲ್ಲ.

ಸಾಲಿನ ಕೊನೆಗೆ ಪಾಯಖಾನೆಯ ಬಾಗಿಲು. ಅಲ್ಲಿ ಮಲಗುತ್ತಿದ್ದವನು ಒಡಿಶಾದ ಗುಡ್ಡಗಾಡಿನವನು, ಬೋರ್‌ವೆಲ್ ಕೊರೆಯುವ ಗಾಡಿಯ ಕೂಲಿಯಾಳು. ಗಾಡಿಯ ಡೀಸೆಲ್ ಕದ್ದನೆಂದು ಮಾಲೀಕ ಫಿರ್ಯಾದಿ ಕೊಟ್ಟಿದ್ದ. ಯಾರ ಪೈಕಿ ಎಂದು ಕೇಳಿದರೆ, ಪಾಪ, ಅವನಿಗೆ ಪ್ರಶ್ನೆಯೇ ತಿಳಿದಿರಲಿಲ್ಲ.

ಕಪ್ಪು ಮೈ, ಗುಂಗುರು ಕೂದಲು. ಅವನಿಗೆ 'ಆಫ್ರಿಕಾ' ಎಂದು ಹೆಸರಿಟ್ಟವನು ನಾನೇ. ಬ್ಯಾರಕ್ಕೆಲ್ಲ ನಕ್ಕಿತು, ನನಗೆ ಮೀಸೆ ತಿರುವಿದಷ್ಟು ಖುಷಿಯಾಯಿತು. ಒಮ್ಮೆ ಪಲ್ಯ ಬಡಿಸಲು ಅವನನ್ನು ಹಚ್ಚಿದಾಗ ನಮ್ಮ ಸಾಲಿನವರು ತಾಟು ಬೋರಲು ಹಾಕಿದರು. ನಾನೂ ಹಾಕಿದೆ. ಅವನೂ ನಗುತ್ತಲೇ ಮುಂದೆ ಹೋದ. ನಗದಿದ್ದರೆ ಹೊಡೆತ ಬೀಳುತ್ತದೆಂದು ಅವನಿಗೆ ಗೊತ್ತಿತ್ತು.

ನಮ್ಮಿಬ್ಬರಿಗೂ ಒಂದೇ ದಿನ ಜಾಮೀನು ಮಂಜೂರಾಯಿತು. ಕಳ್ಳಕವಟಗಿಯಿಂದ ನನ್ನ ಸೋದರಮಾವ ತನ್ನ ಹೊಲದ ಉತಾರ, ಅಂದರೆ ಪಹಣಿ ಪತ್ರ, ತಂದು ಜಾಮೀನಿಗೆ ಸಹಿ ಹಾಕಿದ. ಮೂರನೆಯ ದಿನ ನಾನು ಮನೆಯಲ್ಲಿ ಬಿಸಿ ರೊಟ್ಟಿ ಮುರಿಯುತ್ತಿದ್ದೆ. ಎರಡು ತಿಂಗಳ ಮೇಲೆ ತಾರೀಖಿಗೆಂದು ವಿಜಯಪುರದ ಕೋರ್ಟಿಗೆ ಹೋದರೆ, ಪೊಲೀಸ್ ವ್ಯಾನಿನಿಂದ ಅವನು ಇಳಿಯುತ್ತಿದ್ದಾನೆ.

"ಇಂವಂಗ ಬೇಲ್ ಆಗಿತ್ತಲ್ರೀ?" ಎಂದು ಪಕ್ಕದ ಪೊಲೀಸನನ್ನು ಕೇಳಿದೆ.

"ಆಗೇತ್ರಿ. ಉತಾರಾ ಕೊಡವ್ರ ಯಾರು? ಇಲ್ಲಿ ಇಂವ ನಮ್ಮಾಂವ ಅನ್ನವ್ರು ಯಾರದಾರ?"

ಕೈ ಮುರಿದ ನಾನು ನನ್ನ ದ್ರಾಕ್ಷಿ ತೋಟದಲ್ಲಿ ಹಾಯಾಗಿ ಅಡ್ಡಾಡುತ್ತಿದ್ದೆ. ಕದ್ದನೋ ಇಲ್ಲವೋ ಯಾರಿಗೂ ಗೊತ್ತಿಲ್ಲದವನು ಇನ್ನೂ ಪಾಯಖಾನೆಯ ಬಾಗಿಲಿಗೇ ಮಲಗಿದ್ದ. ನಮ್ಮಿಬ್ಬರ ನಡುವಿನ ಫರಕು ಒಂದು ಹಾಳೆ ಮಾತ್ರ. ನನ್ನನ್ನು ಕಂಡು ಅವನು ಕೈ ಎತ್ತಿದ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಮನೆಗೆ ಬಂದು ಅವ್ವನೆದುರು ಎಲ್ಲ ಹೇಳಿದೆ, ನಾನಿಟ್ಟ ಹೆಸರನ್ನೂ. ನನ್ನ ಹೊಲ ತಂಟೆಯಲ್ಲಿತ್ತು, ಅದರ ಉತಾರ ಜಾಮೀನಿಗೆ ನಡೆಯುತ್ತಿರಲಿಲ್ಲ. ಅವ್ವನ ಹೆಸರಿನಲ್ಲಿ ತವರಿನ ಪಾಲು ಎರಡೆಕರೆ ಇತ್ತು. ಅದು ಕಡೆಗೆ ತನಗೇ ಬರುತ್ತದೆಂದು ಆಸೆ ಇಟ್ಟಿದ್ದ ಸೋದರಮಾವನೂ ಅಂದು ಅಲ್ಲೇ ಕೂತಿದ್ದ. ಅವ್ವ ಆ ಹೊಲದ ಉತಾರ ಕೊಡುತ್ತೇನೆಂದ ಕೂಡಲೇ ಅವನು ಹಾರಿಬಿದ್ದ.

"ಅಕ್ಕಾ, ಹುಚ್ಚ ಹಿಡದೈತೇನ ನಿನಗ? ಅವಂಗ ಊರಿಲ್ಲ, ಕೇರಿಲ್ಲ. ನಾಳಿ ಓಡಿ ಹೋದ ಅಂದ್ರ ಹೊಲಾ ಜಪ್ತಿ ಆಕ್ಕೈತಿ."

"ಊರಿಲ್ದ ಮುಗಲಿಂದ ಉದುರ‍್ಯಾನೇನು?" ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿದಳು. "ಹೆಸರಿಡಾಕ ಬಾಯಿ ಇತ್ತಲ್ಲ, ಬಿಡಿಸಾಕ ಕಾಲ ಇಲ್ಲೇನು? ನಡಿ."

ಸೊಲ್ಲಾಪುರ ರಸ್ತೆಯಲ್ಲಿದ್ದ ವಕೀಲರು ಕಾಗದ ಬರೆಯುತ್ತ, "ಆರೋಪಿ ಹೆಸರು ಹೇಳ್ರಿ," ಎಂದರು. ಐದು ತಿಂಗಳು ಒಂದೇ ಸೂರಿನಡಿ ಮಲಗಿದ್ದೆ, ಹೆಸರು ಗೊತ್ತಿರಲಿಲ್ಲ. ಅವ್ವ ತಲೆಯ ಮೇಲೆ ಒಂದು ಕೊಟ್ಟಳು, ನಲವತ್ತು ದಾಟಿದವನಿಗೆ, ವಕೀಲರ ಎದುರಿಗೇ. ಕೊಟ್ಟದ್ದು ಸರಿಯಾಗಿಯೇ ಇತ್ತು. ವಕೀಲರು ಕೋರ್ಟಿನ ಕಾಗದ ತೆಗೆಸಿ ಹೆಸರು ಹುಡುಕಬೇಕಾಯಿತು.

ನ್ಯಾಯಾಧೀಶರು ಅವ್ವನನ್ನು ಕೇಳಿದರು: "ಈತ ನಿಮಗೆ ಏನಾಗಬೇಕು ತಾಯಿ?"

"ಏನೂ ಆಗಬೇಕಿಲ್ರಿ ಸಾಹೇಬ್ರ. ನನ್ನ ಮಗಂದು ಬಿಡುಗಡಿ ಆತು, ಇವಂದೂ ಆಗ್ಲಿ."

ಸಾಹೇಬರು ಕನ್ನಡಕದ ಮೇಲಿಂದ ಒಮ್ಮೆ ನೋಡಿ ಸಹಿ ಮಾಡಿದರು.

ಅವನಿಗೆ ಬಬಲೇಶ್ವರದ ಕಡೆ ಪರಿಚಯದವರ ತೋಟದಲ್ಲಿ ಕೆಲಸ ಹಚ್ಚಿದೆ. ಒಂದು ದಿನ ಅಲ್ಲಿಗೇ ಹೋಗಿ, ಅವನ ನಿಜವಾದ ಹೆಸರು ಹಿಡಿದು, ತಪ್ಪಾಯಿತೆಂದು ಹೇಳಿದೆ. ಅವನು ಜೈಲಿನಲ್ಲಿ ಕಲಿತ ನಮ್ಮ ಕನ್ನಡದಲ್ಲೇ, "ನಾನೂ ನಿಮಗೊಂದ ಹೆಸರ ಇಟ್ಟಿದ್ನಿ. ಹೇಳಂಗಿಲ್ಲ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಎಷ್ಟು ಬೇಡಿದರೂ ಇವತ್ತಿಗೂ ಹೇಳಿಲ್ಲ.

ಅವನು ಹೊರಬಂದ ಮೇಲಿನ ಮೊದಲ ತಾರೀಖಿಗೆ ಅವ್ವ, ನಾನು ಕೋರ್ಟಿನಲ್ಲಿ ಕೂತಿದ್ದೆವು. ಕರೆಯದಿದ್ದರೂ ಮಾವ ಬಂದಿದ್ದ. ಹನ್ನೊಂದಾಯಿತು, ಅವನ ಸುಳಿವಿಲ್ಲ. ಫೋನು ಹತ್ತಲಿಲ್ಲ. ಮಾವ ನನ್ನ ಕಿವಿಯಲ್ಲಿ, "ನಾ ಹೇಳಿದ್ದಿಲ್ಲ?" ಎಂದ. ಪಟ್ಟೇವಾಲಾ ಬಾಗಿಲಲ್ಲಿ ನಿಂತು ಅವನ ಹೆಸರು ಕೂಗಿದ. ಯಾರೂ ಬರಲಿಲ್ಲ. ಎರಡನೆಯ ಸಲ ಕೂಗಿದ. ಅವ್ವ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ತವರಿನವರು ಕೊಟ್ಟದ್ದೆಂದು ಅವಳಿಗಿದ್ದದ್ದು ಆ ಎರಡೆಕರೆ ಒಂದೇ.

"ಬಂದೀನ್ರೀ!"

ಹೊರಗಿನ ಪಡಸಾಲೆಯಿಂದ ದನಿ ಬಂತು, ಹಿಂದೆಯೇ ಅವನೂ ಬಂದ. ಬಬಲೇಶ್ವರದ ಬಸ್ಸು ಊರ ಹೊರಗೆ ಪಂಕ್ಚರ್ ಆಗಿ, ಅಲ್ಲಿಂದ ನಡುವೆ ನಿಲ್ಲದೆ ಓಡುತ್ತ ಬಂದಿದ್ದ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಕೈಕಟ್ಟಿ ಸಾಹೇಬರೆದುರು ನಿಂತ.

ಅವ್ವ ಎದ್ದು ನಿಂತು ಮಾವನ ಕಡೆ ತಿರುಗಿದಳು.

"ಈಗ ಹೇಳೋ ತಮ್ಮಾ, ಎಲ್ಲಿ ಹೋಗ್ಯಾನ? ಕಣ್ಣ ತೆರದ ನೋಡು, ಬಂದಾನ!"

ಪಟ್ಟೇವಾಲಾ ಓಡಿ ಬಂದು, ಇದು ಕೋರ್ಟು, ಸುಮ್ಮನಿರಬೇಕು ಎಂದ. ಅವ್ವ ಅವನಿಗೂ ಹೇಳಿದಳು, "ನೋಡಪಾ, ಬಂದಾನ."